ಒಂದೂವರೆ ಇಂಚಿನ ಖಾಲಿ ಜಾಗ

ನನ್ನ ಬದುಕಿನ ಹದಿನಾಲ್ಕು ವರ್ಷಗಳ ಉದ್ದ ಸರಿಯಾಗಿ ಒಂದೂವರೆ ಇಂಚು. ಇದು ಉಪಮಾಲಂಕಾರವಲ್ಲ. ಚಿಕ್ಕ ಮಗಳ ಕಂಪಾಸ್ ಪೆಟ್ಟಿಗೆಯಿಂದ ಸ್ಕೇಲು ತಂದು ಅಳೆದು ನೋಡಿಯೇ ಹೇಳುತ್ತಿದ್ದೇನೆ. (ಸ್ಕೇಲಿನ ತುದಿ ಸವೆದಿತ್ತು, ಆದ್ದರಿಂದ ಸೊನ್ನೆಯಿಂದ ಹಿಡಿಯದೆ ಒಂದರಿಂದ ಹಿಡಿದು ಅಳೆದೆ.) ಕೆಲಸಕ್ಕೆಂದು ಬರೆದ ಅರ್ಜಿಯ ಬಿಳಿ ಹಾಳೆ; ಮೇಲ್ಭಾಗದಲ್ಲಿ ನನ್ನ ಓದು, ಅದರ ಕೆಳಗೆ ಶೂ ಕಾರ್ಖಾನೆಯಲ್ಲಿ ಆರು ವರ್ಷದ ಕೆಲಸ, ಅದರ ಕೆಳಗೆ ಒಂದೂವರೆ ಇಂಚಿನ ಬಟ್ಟಬಯಲು, ಬಯಲಿನ ಆಚೆ ದಡದಲ್ಲಿ 'ಇಂತಿ ತಮ್ಮ ವಿಶ್ವಾಸಿ'. ಆ ಬಯಲಿನಲ್ಲಿ ನಾನು ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತು, ಹೊತ್ತು, ಹಲ್ಲುಜ್ಜಿಸಿ, ಮಗ್ಗಿ ಕಲಿಸಿ, ಎದೆಯೆತ್ತರಕ್ಕೆ ಬೆಳೆಸಿದ್ದೆ. ಅದರ ಗುರುತು ಒಂದು ಚುಕ್ಕೆಯಷ್ಟೂ ಅಲ್ಲಿರಲಿಲ್ಲ.

ನಾನೇನು ಹುಟ್ಟಿದಾಗಿನಿಂದ ಖಾಲಿ ಜಾಗವಾಗಿದ್ದವಳಲ್ಲ. ಮದುವೆಗೆ ಮುಂಚೆ ನಾಲ್ಕು ವರ್ಷ, ಆದಮೇಲೆ ಎರಡು ವರ್ಷ, ಶೂ ಕಾರ್ಖಾನೆಯೊಂದರಲ್ಲಿ 'ಜೋಡಿ ಪರೀಕ್ಷೆ'ಯ ಕೆಲಸ ಮಾಡಿದವಳು. (ಹೆಣ್ಣು ಗಂಡು ಹೊಂದಿಸುವ ಕೆಲಸವೆಂದು ತಿಳಿದ ನಮ್ಮವರ ಸ್ನೇಹಿತರೊಬ್ಬರು ತಮ್ಮ ತಮ್ಮನ ಫೋಟೋ ಕೊಟ್ಟು ಹೋಗಿದ್ದೂ ಉಂಟು.) ಎಡಗಾಲಿನ ಶೂ ಎಡಗೈಯಲ್ಲಿ, ಬಲಗಾಲಿನದು ಬಲಗೈಯಲ್ಲಿ ಹಿಡಿದು ನೋಡಬೇಕು. ಹೊಲಿಗೆ ಎರಡರಲ್ಲೂ ಒಂದೇ ಅಂತರದಲ್ಲಿದೆಯೇ, ಅಂಟು ಹೊರಗೆ ಇಣುಕಿದೆಯೇ, ಹಿಮ್ಮಡಿಯ ಎತ್ತರ ಒಂದೇ ಸಮನಿದೆಯೇ, ಇಷ್ಟನ್ನೂ ಒಂದು ಉಸಿರಿನಲ್ಲಿ ನೋಡಿ ಮುಗಿಸಬೇಕು. ನನ್ನ ಮೇಜು ದಾಟಿದ ಶೂ ಡಬ್ಬಕ್ಕೆ, ದಾಟದ್ದು ಬಂದ ದಾರಿಗೆ. ಹೊಲಿಯುವವರು ನನ್ನ ಹೆಸರು ಕೇಳಿದರೆ ಸೂಜಿ ಬಿಡುತ್ತಿದ್ದರು ಎಂಬುದು ನನ್ನ ಹೆಮ್ಮೆ.

ದೊಡ್ಡವಳು ಹುಟ್ಟುವಾಗ ಒಂದು ವರ್ಷಕ್ಕೆಂದು ರಜೆ ಬರೆದುಕೊಟ್ಟು ಬಂದೆ. ಅವಳು ನಡೆಯಲಿ ಎಂದುಕೊಂಡೆ, ನಡೆದಳು. ಶಾಲೆಗೆ ಹೋಗಲಿ ಎಂದುಕೊಂಡೆ, ಅಷ್ಟರಲ್ಲಿ ಚಿಕ್ಕವಳು ಬಂದಳು. ಚಿಕ್ಕವಳು ಶಾಲೆಗೆ ಹೋಗುವ ಹೊತ್ತಿಗೆ ಅತ್ತೆಯ ಮಂಡಿಗೆ ಆಪರೇಷನ್ ಆಯಿತು. ಅತ್ತೆ ಎದ್ದು ಓಡಾಡುವ ಹೊತ್ತಿಗೆ ಆ ಕಾರ್ಖಾನೆಯೇ ಬಾಗಿಲು ಹಾಕಿ, ಕಟ್ಟಡದಲ್ಲಿ ಯಾರೋ ಪ್ಲಾಸ್ಟಿಕ್ ಕುರ್ಚಿ ತುಂಬಿಸಿಟ್ಟಿದ್ದರು.

ಹೋಗಲಿ ಬಿಡಿ ಎಂದು ನಾನೂ ಸುಮ್ಮನಿದ್ದೆ. ಆದರೆ ಒಂದು ಸಂಜೆ ಚಿಕ್ಕವಳು ಶಾಲೆಯ ಅರ್ಜಿ ತುಂಬಿಸಿ ತಂದು, "ಅಮ್ಮ, ಕಾಗುಣಿತ ಸರಿ ಇದೆಯಾ ನೋಡು," ಎಂದಳು. ನೋಡಿದೆ. 'ತಂದೆಯ ಉದ್ಯೋಗ: ವಿಮಾ ಕಚೇರಿ. ತಾಯಿಯ ಉದ್ಯೋಗ: ಇಲ್ಲ.' ದುಂಡು ದುಂಡಾದ ಅಕ್ಷರ. ಲಕಾರಕ್ಕೆ ಒತ್ತು ಕೂಡ ಅಚ್ಚುಕಟ್ಟಾಗಿ ಕೊಟ್ಟಿದ್ದಳು. ಕಾಗುಣಿತ ಸರಿಯಾಗಿಯೇ ಇತ್ತು.

"ಸರಿ ಇದೆ ಪುಟ್ಟಿ," ಎಂದು ಹೇಳಿ ಅಡುಗೆಮನೆಗೆ ಹೋಗಿ, ತೊಳೆದ ಪಾತ್ರೆಗಳನ್ನೇ ಇನ್ನೊಂದು ಸಲ ತೊಳೆದೆ.

ಆ ವಾರವೇ ಪತ್ರಿಕೆಯಲ್ಲಿ ಜಾಹೀರಾತು ಬಂತು. ಊರಾಚೆಯ ಇನ್ನೊಂದು ಶೂ ಕಾರ್ಖಾನೆಗೆ ಜನ ಬೇಕಾಗಿದ್ದಾರೆ. ಹೊಲಿಯುವವರು, ಗುಣಮಟ್ಟ ಪರೀಕ್ಷಕರು, ಘಟಕ ವ್ಯವಸ್ಥಾಪಕರು. ನಮ್ಮ ಬೀದಿಯ ಕೊನೆಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಜಾಹೀರಾತನ್ನು ಕತ್ತರಿಸಿ (ಅಂಚು ಸೊಟ್ಟಗಾಯಿತೆಂದು ಎರಡನೇ ಸಲ ಕತ್ತರಿಸಿ) ಊಟದ ಮೇಜಿನ ಮೇಲೆ ಇಟ್ಟೆ.

"ನಾನು ಬಯೋಡೇಟಾ ಕಳಿಸ್ತೀನಿ," ಎಂದು ಘೋಷಿಸಿದೆ.

"ಬಯೋಡೇಟಾ ಅನ್ನಬೇಡ ಅಮ್ಮ. ಅದು ಮದುವೆಗೆ ಕಳಿಸೋದು. ಇದಕ್ಕೆ ರೆಸ್ಯೂಮೆ ಅಂತಾರೆ," ಎಂದಳು ದೊಡ್ಡವಳು, ಒಂಬತ್ತನೇ ತರಗತಿಯ ಸಮಸ್ತ ಜ್ಞಾನವನ್ನೂ ಮೂಗಿನ ತುದಿಗೆ ತಂದುಕೊಂಡು.

"ಏನೋ ಒಂದು. ನೀನು ಟೈಪ್ ಮಾಡು, ನಾನು ಹೇಳ್ತೀನಿ. ಸೋಲ್ ಪರೀಕ್ಷೆಯಲ್ಲಿ ಆರು ವರ್ಷದ ಅನುಭವ."

ಅವಳು ಟೈಪ್ ಮಾಡಿ ಗಟ್ಟಿಯಾಗಿ ಓದಿದಳು: "ಸೋಲಿನ ಪರೀಕ್ಷೆಯಲ್ಲಿ ಆರು ವರ್ಷಗಳ ಅನುಭವ."

ಮೂಲೆಯ ಕುರ್ಚಿಯಲ್ಲಿ ಕಾಲು ನೀಡಿ ಕೂತಿದ್ದ ಅತ್ತೆ ತಲೆಯೆತ್ತಿದರು. "ಸೋತಿದ್ದನ್ನೆಲ್ಲ ಯಾಕೆ ಬರೀತೀರಿ? ಗೆದ್ದಿದ್ದೇನಾದ್ರೂ ಇದ್ರೆ ಬರೀರಿ."

"ಅತ್ತೆ, ಸೋಲು ಅಂದ್ರೆ ಶೂ ತಳ."

"ತಳ ಕಂಡ್ರೆ ಸೋಲು ಅಂತಾನೇ ಅಲ್ವಾ? ನಾನೂ ಅದನ್ನೇ ಹೇಳಿದ್ದು," ಎಂದು ಅತ್ತೆ ಮತ್ತೆ ಪತ್ರಿಕೆಯೊಳಗೆ ಮುಳುಗಿದರು.

"ಆಮೇಲೆ?" ಎಂದಳು ದೊಡ್ಡವಳು.

"ಆಮೇಲೆ ನೀನು ಹುಟ್ಟಿದೆ."

"ಅದನ್ನ ಹಾಕೋಕಾಗಲ್ಲ ಅಮ್ಮ."

"ಯಾಕಾಗಲ್ಲ? ಹದಿನೆಂಟು ಗಂಟೆ ತಗೊಂಡೆ ನೀನು!"

"ಅಯ್ಯೋ, ಅದು ಸಾಧನೆ ಅಲ್ಲಮ್ಮ. ಕೆಲಸದ ವಿಷಯ ಹೇಳು. ಕೆಲಸ ಬಿಟ್ಟ ಮೇಲೆ ಏನು ಮಾಡ್ತಿದ್ದೆ?"

ಇದಕ್ಕೆ ನಾನು ಬಾಯಿ ತೆರೆಯುವುದರೊಳಗೆ ಚಿಕ್ಕವಳು ತಾನೇ ಉತ್ತರ ಕೊಟ್ಟಳು: "ಅಮ್ಮ ಏನೂ ಮಾಡ್ತಿರಲಿಲ್ಲ ಕಣೇ. ಮನೇಲಿದ್ಲು."

ಅವಳಿಗೆ ಹತ್ತು ವರ್ಷ. ಹಾಗಾಗಿ ಕ್ಷಮಿಸಿದೆ. ಆದರೆ ಲ್ಯಾಪ್‌ಟಾಪ್ ಕಡೆ ತಿರುಗಿಯೂ ನೋಡದೆ, ಪೆನ್ನು ಹಿಡಿದು ಕೈಬರಹದಲ್ಲೇ ಶುರು ಮಾಡಿದೆ. ಬರೆದೆ ನೋಡಿ! ಪೆನ್ನಿಗೆ ಬ್ರೇಕೇ ಇರಲಿಲ್ಲ. ಎರಡೂ ಮಕ್ಕಳ ಸೀತಾಳೆ ಸಿಡುಬಿನ ವಾರಗಳು, ಶಾಲೆಯ ನಾಟಕಕ್ಕೆ ಹಳೆಯ ಪರದೆಯಿಂದ ಹೊಲಿದ ಮೊಸಳೆ, ಯಾವ ಅಂಗಡಿಯಲ್ಲೂ ಸಿಗದ ಅಳತೆಯ ಗ್ರಾಫ್ ಹಾಳೆಗಾಗಿ ಮಳೆಯಲ್ಲಿ ಅಲೆದದ್ದು, ಚಿಕ್ಕವಳು ಮೂಗಿನೊಳಗೆ ತೂರಿಸಿಕೊಂಡ ಬಟಾಣಿಯನ್ನು ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಸೀನಿಸಿ ತೆಗೆದದ್ದು, ನಲ್ಲಿ ರಿಪೇರಿಯವನು ಆರು ಸಲ 'ಬಂದೆ ಬಂದೆ' ಎಂದು ಬಾರದೆ ಕೊನೆಗೆ ನಾನೇ ವಾಷರ್ ಬದಲಿಸಿದ್ದು. ಮೂರೂವರೆ ಪುಟವಾಯಿತು. ಮುಗಿಸಿದಾಗ ನನ್ನ ಮೂಗು ಕೆಂಪಾಗಿತ್ತು.

ಆ ಹೊತ್ತಿಗೆ ನಮ್ಮವರು ಕಚೇರಿಯಿಂದ ಬಂದರು. ನಮ್ಮವರು ವಿಮಾ ಕಚೇರಿಯ ಪತ್ರ ವಿಭಾಗದಲ್ಲಿದ್ದಾರೆ. ಅವರು ಬರೆದ ಪತ್ರ ಓದಿದ ಗ್ರಾಹಕರಿಗೆ ತಮ್ಮ ಕೋರಿಕೆಯನ್ನು ಒಪ್ಪಿದ್ದಾರೋ ತಳ್ಳಿಹಾಕಿದ್ದಾರೋ ಎಂಬುದು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ತಿಳಿದಿಲ್ಲವಂತೆ. ಕಚೇರಿಯಲ್ಲಿ ಅವರಿಗೆ ಬಹಳ ಗೌರವ.

ಮೂರೂವರೆ ಪುಟವನ್ನೂ ನಿಂತಲ್ಲೇ ಓದಿ, "ಇದು ರೆಸ್ಯೂಮೆ ಅಲ್ಲ ಕಣೆ, ದೂರು ಅರ್ಜಿ," ಎಂದರು.

"ನಿಜ ಬರೆದಿದ್ದೀನಿ ರೀ."

"ನಿಜ ಬರೀಬೇಕು, ಬೇಡ ಅಂದೋರ್ಯಾರು? ಆದ್ರೆ ನಿಜಕ್ಕೂ ಇಸ್ತ್ರಿ ಹಾಕ್ಬೇಕು. ಇಲ್ಲಿ ಕೊಡು."

ಕುರ್ಚಿ ಎಳೆದುಕೊಂಡು ಕೂತವರು ಎರಡು ಗಂಟೆ ಏಳಲಿಲ್ಲ. ಟೀ ಆರಿತು, ಬಿಸಿಯಾಯಿತು, ಮತ್ತೆ ಆರಿತು. ಕೊನೆಗೆ ಗಂಟಲು ಸರಿಮಾಡಿಕೊಂಡು ಓದಿದರು:

"ಸದರಿ ಹದಿನಾಲ್ಕು ವರ್ಷಗಳ ಅವಧಿಯಲ್ಲಿ ಅಭ್ಯರ್ಥಿಯು ನಾಲ್ವರು ಸದಸ್ಯರನ್ನೊಳಗೊಂಡ ವಸತಿ ಘಟಕವೊಂದರ ಸಮಗ್ರ ಮೇಲ್ವಿಚಾರಣೆಯನ್ನು ಏಕಾಂಗಿಯಾಗಿ ನಿರ್ವಹಿಸಿರುತ್ತಾರೆ. ಆಹಾರ ಸರಬರಾಜು, ಜಲ ವ್ಯವಸ್ಥೆಯ ತುರ್ತು ದುರಸ್ತಿ, ಕಿರಿಯ ಸಿಬ್ಬಂದಿಯ ನೇಮಕಾತಿ ಹಾಗೂ ಹಂತಹಂತದ ತರಬೇತಿ ಇವುಗಳು ಅಭ್ಯರ್ಥಿಯ ನೇರ ಹೊಣೆಯಾಗಿದ್ದು..."

"ನೇಮಕಾತಿ ಅಂದ್ರೆ ಏನ್ರೀ?"

"ಮಕ್ಕಳು."

"ಅದರಲ್ಲಿ ನಿಮ್ಮ ಪಾತ್ರ ಏನೂ ಇರಲಿಲ್ಲವೇನೋ!"

"ಅಮ್ಮ ಕೂತಿದ್ದಾಳೆ, ಮೆಲ್ಲಗೆ ಮಾತಾಡು," ಎಂದು ಅವರು ಕಿವಿ ಕೆಂಪು ಮಾಡಿಕೊಂಡು ಮುಂದಕ್ಕೆ ಓದಿದರು. "ಘಟಕದ ಹಿರಿಯ ಸಲಹೆಗಾರರೊಂದಿಗೆ ಅಭ್ಯರ್ಥಿಯು ಸದಾ ಸೌಹಾರ್ದಯುತ ಸಮಾಲೋಚನೆಯನ್ನು ಕಾಯ್ದುಕೊಂಡಿರುತ್ತಾರೆ."

"ಹಿರಿಯ ಸಲಹೆಗಾರರು ಯಾರೋ?" ಎಂದರು ಅತ್ತೆ.

"ನೀನೇ ಅಮ್ಮ."

"ಹಂಗಾದ್ರೆ ಇರಲಿ," ಎಂದು ಅತ್ತೆ ಸೆರಗು ಸರಿ ಮಾಡಿಕೊಂಡು ನೇರವಾಗಿ ಕೂತರು.

"ನನ್ನ ಸ್ವಭಾವದ ಬಗ್ಗೆನೂ ಒಂದು ಸಾಲು ಹಾಕಿ," ಎಂದೆ ನಾನು. "ಎಲ್ಲರ ಜೊತೆ ಹೊಂದಿಕೊಂಡು ಹೋಗ್ತಾಳೆ, ಬಹಳ ಸಹನೆ ಅಂತ."

ನಮ್ಮವರು ಪೆನ್ನಿನ ತುದಿ ನೋಡಿದರು. ದೊಡ್ಡವಳು ಕಿಟಕಿ ನೋಡಿದಳು. ಅತ್ತೆಗೆ ಕೆಮ್ಮು ಬಂತು. ಸಂಜೆಯ ಗಾಳಿ ತಂಪಾಗಿತ್ತು, ಹಾಗಾಗಿ ಎದ್ದು ಕಿಟಕಿ ಹಾಕಿದೆ. ಆ ಸಾಲನ್ನೂ ಹಾಕಿದರು.

ಎಲ್ಲ ಮುಗಿದ ಮೇಲೆ ನಾನು ಕೂತು ಅಕ್ಷರ ಅಕ್ಷರ ತಿದ್ದಿದೆ. ಹನ್ನೊಂದು ತಪ್ಪು ಸಿಕ್ಕವು. ಅದರಲ್ಲಿ ಎಂಟು ನಮ್ಮವರವು. ಅವರು ಒಪ್ಪಲಿಲ್ಲ, ನಿಘಂಟು ತಂದು ತೋರಿಸಿದೆ. ಆಮೇಲೆ ದೊಡ್ಡವಳು ಕಾರ್ಖಾನೆಯ ವೆಬ್‌ಸೈಟಿನಲ್ಲಿ ಫಾರಂ ತುಂಬಿಸಿ ಕಳಿಸಿಬಿಟ್ಟಳು. ಅದನ್ನೊಂದು ನಾನು ನೋಡಲಿಲ್ಲ. ಹಾಲು ಉಕ್ಕುತ್ತಿತ್ತು.

ಐದನೇ ದಿನ ಫೋನು ಬಂತು. ನಮ್ಮವರು ಸ್ಪೀಕರ್ ಹಾಕಿದರು.

"ಮೇಡಂ, ನಿಮ್ಮ ರೆಸ್ಯೂಮೆ ನಮಗೆ ತುಂಬಾ ಹಿಡಿಸಿತು. ಘಟಕ ವ್ಯವಸ್ಥಾಪಕರ ಹುದ್ದೆಗೆ ಸಂದರ್ಶನ, ಗುರುವಾರ ಹತ್ತಕ್ಕೆ ಬರ್ತೀರಾ?"

"ನಾನು ಪರೀಕ್ಷಕಿ ಕೆಲಸಕ್ಕೆ..." ಎನ್ನುವಷ್ಟರಲ್ಲಿ ನಮ್ಮವರು, "ಬರ್ತಾರೆ!" ಎಂದು ಫೋನಿಟ್ಟರು. ಮಕ್ಕಳಿಬ್ಬರೂ ಸೋಫಾ ಮೇಲೆ ಹಾರಿದರು. ನಾನು ಮಾತ್ರ ಜಾಹೀರಾತಿನ ತುಣುಕನ್ನು ತೆಗೆದು ಮತ್ತೆ ಓದಿದೆ.

"ರೀ, ಆ ಘಟಕದಲ್ಲಿ ಮುನ್ನೂರು ಜನ ಇದ್ದಾರಂತೆ! ನಾನು ನಿಮ್ಮ ನಾಲ್ಕು ಜನರನ್ನ ಬೆಳಗ್ಗೆ ಎಬ್ಬಿಸೋದ್ರಲ್ಲೇ ಸುಸ್ತಾಗ್ತೀನಿ."

"ಅವರು ಎದ್ದೇ ಬಂದಿರ್ತಾರೆ ಬಿಡೆ," ಎಂದರು ನಮ್ಮವರು.

ಗುರುವಾರ ಹೋದೆ. ಹೋಗಿ ನಿಜ ಹೇಳಿ, ಕೈಮುಗಿದು ಬರುವುದೆಂದು ನಿರ್ಧರಿಸಿಯೇ ಹೋದೆ. ಕಾಯುವ ಕೋಣೆಯಲ್ಲಿ ಇನ್ನೂ ನಾಲ್ಕು ಮಂದಿ ಇದ್ದರು. ಅವರ ಕೈಯಲ್ಲಿ ಚರ್ಮದ ಫೈಲು, ಕೊರಳಿಗೆ ಟೈ. ನನ್ನ ಕೈಯಲ್ಲಿ ಚಿಕ್ಕವಳ ಪ್ಲಾಸ್ಟಿಕ್ ಫೋಲ್ಡರು, ಅದರ ಮೇಲೆ ಕ್ಯಾರೆಟ್ ಕಚ್ಚುತ್ತಿರುವ ಮೊಲ. ಮೊಲವನ್ನು ಒಳಕ್ಕೆ ಮಾಡಿ ಎದೆಗವಚಿಕೊಂಡು ಕೂತೆ. (ಗೋಡೆ ಗಡಿಯಾರ ಮೂರು ನಿಮಿಷ ಮುಂದಿತ್ತು. ನನ್ನ ಕುರ್ಚಿಯ ಒಂದು ಕಾಲಿಗೆ ರಬ್ಬರ್ ಬೂಚು ಇರಲಿಲ್ಲ. ಸ್ವಾಗತ ಮೇಜಿನ ಹೆಂಗಸಿಗೆ ಎರಡನ್ನೂ ತಿಳಿಸಿದೆ. ಅವಳು ಧನ್ಯವಾದ ಹೇಳಿದ ರೀತಿ ನನಗೆ ಅಷ್ಟು ಸರಿ ಬರಲಿಲ್ಲ.)

ಒಳಗೆ ಇಬ್ಬರಿದ್ದರು. ಅರವತ್ತರ ಆಸುಪಾಸಿನ ಬೆಳ್ಳಿಗೂದಲ ಹೆಂಗಸು, ಕಾರ್ಖಾನೆಯ ಒಡತಿ. ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದ ಸಿಬ್ಬಂದಿ ವಿಭಾಗದ ಹುಡುಗಿ, ನನಗೆ ಫೋನು ಮಾಡಿದವಳು.

"ಕೂತ್ಕೊಳ್ಳಿ," ಎಂದರು ಒಡತಿ. "ಈ ವಸತಿ ಘಟಕ ಯಾವ ಸಂಸ್ಥೆದು?"

ನಿಜ ಹೇಳಬೇಕೆಂದು ಬಂದಿದ್ದ ನಾಲಿಗೆ ಬೇರೆಯೇ ದಾರಿ ಹಿಡಿಯಿತು. "ಖಾಸಗಿ, ಮೇಡಂ," ಎಂದೆ.

"ಕೆಲಸದ ಹೊತ್ತು?"

"ಬೆಳಗ್ಗೆ ಐದೂವರೆಯಿಂದ... ಮುಗಿಯೋವರೆಗೂ."

"ಪಾಳಿ ಬದಲಾಗ್ತಿರಲಿಲ್ವಾ?"

"ಬದಲಾಗೋಕೆ ಇನ್ನೊಬ್ಬರು ಇರಬೇಕಲ್ಲ ಮೇಡಂ."

ಹುಡುಗಿ ಕುತ್ತಿಗೆ ಚಾಚಿದಳು. "ಹದಿನಾಲ್ಕು ವರ್ಷದಲ್ಲಿ ಎಷ್ಟು ಜನ ಸಿಬ್ಬಂದಿ ಬಿಟ್ಟು ಹೋದ್ರು?"

"ಒಬ್ಬರೂ ಇಲ್ಲ."

"ಒಬ್ಬರೂ ಇಲ್ವಾ!" ಅವಳು ಒಡತಿಯ ಮುಖ ನೋಡಿದಳು. "ನಮ್ಮಲ್ಲಿ ಜನ ಆರು ತಿಂಗಳು ನಿಲ್ಲಲ್ಲ ಮೇಡಂ. ನೀವು ಹೇಗೆ ಉಳಿಸ್ಕೊಂಡ್ರಿ?"

"ಅವರಿಗೆ ಬೇರೆ ಕಡೆ ಹೋಗೋಕೆ ಜಾಗ ಇರಲಿಲ್ಲ."

ಒಡತಿ ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು. "ಸರಿ. ಘಟಕದ ಒಟ್ಟು ಉತ್ಪಾದನೆ ಎಷ್ಟು?"

"ಎರಡು."

"ಎರಡು ಸಾವಿರ ಜೊತೆನಾ?"

"ಅಲ್ಲ ಮೇಡಂ. ಎರಡೇ." ಫೋಲ್ಡರನ್ನು ಇನ್ನಷ್ಟು ಅವಚಿಕೊಂಡೆ. "ಜೊತೇನೂ ಅಲ್ಲ. ಒಂದರ ಹಾಗೆ ಇನ್ನೊಂದಿಲ್ಲ. ಒಬ್ಬಳಿಗೆ ಹದಿನಾಲ್ಕು, ಒಬ್ಬಳಿಗೆ ಹತ್ತು."

ಆಮೇಲೆ ನಾನು ನಿಲ್ಲಿಸಲಿಲ್ಲ. ಅದು ನಮ್ಮ ಮನೆ ಮೇಡಂ, ಘಟಕ ಗಿಟಕ ಏನೂ ಇಲ್ಲ, ನನ್ನ ಗಂಡ ವಿಮಾ ಕಚೇರಿಯಲ್ಲಿ ಪತ್ರ ಬರೀತಾರೆ, ಅವರಿಗೆ ಬರೆಯೋ ರೋಗ, ನನಗೆ ಗೊತ್ತಿರೋದು ಎಡಗಾಲು ಬಲಗಾಲು ಸರಿ ಇದೆಯಾ ನೋಡೋದೊಂದೇ, ಆ ಕೆಲಸ ಕೇಳೋಕೆ ಬಂದೆ, ಸುಳ್ಳು ಬರೆಸಿದ್ದು ನನ್ನದೇ ತಪ್ಪು. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಫೋಲ್ಡರು ಯಾವಾಗ ತಿರುಗಿತೋ, ಮೊಲ ಅವರ ಕಡೆ ಮುಖ ಮಾಡಿ ಕ್ಯಾರೆಟ್ ಕಚ್ಚುತ್ತಿತ್ತು.

ಒಡತಿ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಹಾಳೆ ತಿರುಗಿಸಿದರು. "ಹಿಂದಿನ ಮೇಲ್ವಿಚಾರಕರು ಅಂತ ಒಂದು ಫೋನ್ ನಂಬರ್ ಕೊಟ್ಟಿದ್ದೀರಲ್ಲ, ಅದು ಯಾರದು?"

ನಾನು ಯಾವ ನಂಬರನ್ನೂ ಕೊಟ್ಟಿರಲಿಲ್ಲ. ಅವರು ಓದಿ ಹೇಳಿದರು. ನಾಲ್ಕನೇ ಅಂಕಿಗೇ ನನಗೆ ಗುರುತು ಸಿಕ್ಕಿತು. ಆ ನಂಬರಿಗೆ ತಿಂಗಳು ತಿಂಗಳು ರೀಚಾರ್ಜ್ ಮಾಡುವವಳೇ ನಾನು.

"ನಮ್ಮತ್ತೆ," ಎಂದೆ.

ನಾಚಿಕೆಯಿಂದ ತಲೆ ತಗ್ಗಿತು. ತಗ್ಗಿದ ತಲೆ ಸುಮ್ಮನೆ ತಗ್ಗಿರಬಾರದಿತ್ತೇ? ಮೇಜಿಗೆ ಮುಂದಿನ ಹಲಗೆ ಇರಲಿಲ್ಲ. ಅದರಡಿಯಲ್ಲಿ ಒಡತಿ ಕಾಲಿಂದ ಬಿಚ್ಚಿಟ್ಟ ಕಪ್ಪು ಶೂಗಳು ಕಂಡವು. ಕಂಡದ್ದು ಕಣ್ಣಿಗೆ, ಆಡಿದ್ದು ಬಾಯಿ. ನಡುವೆ ನನ್ನನ್ನು ಯಾರೂ ಕೇಳಲಿಲ್ಲ.

"ಮೇಡಂ, ಆ ಜೊತೆ ಸರಿ ಇಲ್ಲ. ಬಲಗಾಲಿಂದು ಅರ್ಧ ಅಳತೆ ದೊಡ್ಡದು. ಎಡಗಾಲಿನದರ ಹಿಮ್ಮಡಿ ಒಂದು ಎಳೆ ಎತ್ತರ ಇದೆ. ಅದು ಡಬ್ಬಕ್ಕೇ ಹೋಗಬಾರದಿತ್ತು."

ಲ್ಯಾಪ್‌ಟಾಪಿನ ಹುಡುಗಿ ಕಣ್ಣು ಮುಚ್ಚಿಕೊಂಡಳು. ಒಡತಿ ನಿಧಾನವಾಗಿ ಹೇಳಿದರು: "ನನ್ನ ಎಡಗಾಲು ಚಿಕ್ಕಂದಿನಲ್ಲಿ ಮುರಿದು, ಸರಿಯಾಗಿ ಬೆಳೀಲಿಲ್ಲ. ಅದಕ್ಕೇ ಹಾಗೆ ಹೊಲಿಸಿದ್ದು. ಹನ್ನೊಂದು ವರ್ಷದಿಂದ ಈ ಕಾರ್ಖಾನೆ ತುಂಬ ಇಂಥವೇ ಶೂ ಹಾಕ್ಕೊಂಡು ಓಡಾಡ್ತಿದ್ದೀನಿ. ಇವತ್ತಿನವರೆಗೂ ಯಾರಿಗೂ ಗೊತ್ತಾಗಿರಲಿಲ್ಲ."

ಕ್ಷಮೆ ಕೇಳಿದೆನೋ, ಬರೀ ಬಾಯಿ ಆಡಿಸಿದೆನೋ ನೆನಪಿಲ್ಲ. ಬಾಗಿಲು ತಳ್ಳಬೇಕಾದಲ್ಲಿ ಎಳೆದು, ಎಳೆಯಬೇಕಾದಲ್ಲಿ ತಳ್ಳಿ, ಹೇಗೋ ಹೊರಗೆ ಬಂದು ಬಸ್ಸು ಹತ್ತಿದೆ.

ಮನೆಯಲ್ಲಿ ನಮ್ಮವರ ಮೇಲೆ ಹರಿಹಾಯ್ದೆ. "ಘಟಕ ಅಂತೆ, ಘಟಕ! ಉತ್ಪಾದನೆ ಎಷ್ಟು ಅಂತ ಕೇಳಿದ್ರು ರೀ ನನ್ನ! ಅತ್ತೆ ನಂಬರ್ ಕೊಟ್ಟಿದ್ದು ಯಾರು?"

ದೊಡ್ಡವಳು ಪರದೆಯ ಹಿಂದಿನಿಂದ ಹೇಳಿದಳು: "ಫಾರಂ ಅಲ್ಲಿ ಕೇಳಿತ್ತಮ್ಮ. ಖಾಲಿ ಬಿಟ್ರೆ ಮುಂದಕ್ಕೇ ಹೋಗ್ತಿರಲಿಲ್ಲ. ನಿನ್ನ ಮೇಲೆ ಇರೋದು ಅಜ್ಜಿ ಒಬ್ಬರೇ ಅಲ್ವಾ?"

ನಮ್ಮವರು ಮೆತ್ತಗೆ, "ತಪ್ಪಾಯ್ತು ಕಣೆ. ನೀನು ಬರೆದಿದ್ದ ಮೂರೂವರೆ ಪುಟನೇ ಕಳಿಸಬೇಕಿತ್ತು. ಅದನ್ನ ಓದಿದಾಗ ನನಗೆ ನಿಜವಾಗ್ಲೂ... ಆ ಬಟಾಣಿ ವಿಷಯ ನನಗೆ ಗೊತ್ತೇ ಇರಲಿಲ್ಲ," ಎಂದರು. ಅವರ ಬಾಯಲ್ಲಿ 'ಸದರಿ' ಇಲ್ಲದ ವಾಕ್ಯ ಕೇಳಿ ಬಹಳ ದಿನವಾಗಿತ್ತು. ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಅಳುವಾಗಿ ಬಂತು. ಚಿಕ್ಕವಳು ಹತ್ತಿರ ಬಂದು ನನ್ನ ತೋಳಿಗೆ ಗಲ್ಲ ಒತ್ತಿ ನಿಂತಳು.

ಅತ್ತೆ ಮಾತ್ರ ತಮ್ಮ ಪಾಡಿಗೆ ಪತ್ರಿಕೆ ಓದುತ್ತಿದ್ದರು.

ಒಂದು ವಾರ ಕಳೆದು ಮತ್ತೆ ಅದೇ ಹುಡುಗಿಯ ಫೋನು. "ಮೇಡಂ, ವ್ಯವಸ್ಥಾಪಕರ ಹುದ್ದೆ ಬೇರೆಯವರಿಗೆ ಆಯ್ತು. ನಿಮ್ಮನ್ನ ಕೊನೇ ಮೇಜಿನ ಪರೀಕ್ಷಕಿಯಾಗಿ ತಗೋಬೇಕು ಅಂತ ನಮ್ಮ ಮೇಡಂ ಹೇಳಿದ್ದಾರೆ. ಅಂದ್ರೆ ಡಬ್ಬಕ್ಕೆ ಹೋಗೋ ಮುಂಚೆ ಕೊನೇದಾಗಿ ನೋಡೋದು. ಶನಿವಾರದಿಂದ ಬರ್ತೀರಾ?"

"ಅಷ್ಟೆಲ್ಲ ಆದ ಮೇಲೂ?"

"ನಮ್ಮ ಮೇಡಂ, ಯಾವುದಕ್ಕೂ ಒಂದ್ಸಲ ವಿಚಾರಿಸಿಬಿಡು ಅಂದ್ರು. ನಿಮ್ಮ ಮೇಲ್ವಿಚಾರಕರಿಗೆ ಫೋನ್ ಮಾಡಿದ್ದೆ." ಆ ಕಡೆ ಹಾಳೆ ಮಗುಚುವ ಸದ್ದು ಕೇಳಿಸಿತು. "ಬಹಳ... ವಿವರವಾಗಿ ಹೇಳಿದ್ರು."

ಫೋನಿಟ್ಟು ನೇರವಾಗಿ ಅತ್ತೆಯ ಕುರ್ಚಿಯ ಮುಂದೆ ಹೋಗಿ ನಿಂತೆ.

"ಅತ್ತೆ, ಕಾರ್ಖಾನೆಯವರು ಫೋನ್ ಮಾಡಿದ್ರಾ?"

"ಮಾಡಿದ್ರಪ್ಪ. ನೀನು ತರಕಾರಿಗೆ ಹೋಗಿದ್ದೆ."

"ಏನು ಹೇಳಿದ್ರಿ?"

"ಸೊಸೆ ಹೇಗೆ ಅಂತ ಕೇಳಿದ್ರು. ಹದಿನಾರು ವರ್ಷದಲ್ಲಿ ಮೊದಲನೇ ಸಲ ಒಬ್ಬರು ಕೇಳಿದ್ದಾರೆ, ಸುಮ್ಮನೆ ಇರೋಕಾಗತ್ತಾ? ಹೇಳ್ದೆ." ಅತ್ತೆ ಬೆರಳು ಮಡಚತೊಡಗಿದರು. "ನಾನು ಮಡಚಿಟ್ಟ ಬಟ್ಟೆ ಬಿಚ್ಚಿ ಮತ್ತೆ ಮಡಚ್ತಾಳೆ ಅಂದೆ. ನಾನು ಗುಡಿಸಿದ ಕೋಣೆನ, ನಾನು ಆ ಕಡೆ ತಿರುಗಿದ ತಕ್ಷಣ ಮತ್ತೆ ಗುಡಿಸ್ತಾಳೆ ಅಂದೆ. ಗಂಡನ ಶರ್ಟಿನ ಗುಂಡಿ ಎಣಿಸಿ ಕಳಿಸ್ತಾಳೆ, ಬಂದಾಗ ಮತ್ತೆ ಎಣಿಸ್ತಾಳೆ. ಮಕ್ಕಳು ಹೋಮ್‌ವರ್ಕ್ ಮುಗೀತು ಅಂದ್ರೆ ನಂಬಲ್ಲ, ಪೆನ್ಸಿಲ್ ಸವೆದಿದೆಯಾ ಅಂತ ನೋಡ್ತಾಳೆ. ಒಬ್ಬರು ಮಾಡಿದ್ದು ಅವಳಿಗೆ ಹಿಡಿಸಲ್ಲ, ಏನು ಕೊಟ್ರೂ ಅದರಲ್ಲೊಂದು ಕೊರತೆ ಕಾಣತ್ತೆ, ಅವಳ ಕಣ್ಣು ತಪ್ಪಿಸಿ ಈ ಮನೇಲಿ ಒಂದು ಸಾಸಿವೆ ಕಾಳೂ ಆಚೆ ಹೋಗಲ್ಲ ಅಂದೆ."

ನನಗೆ ಕಿವಿ ಬಿಸಿಯಾಯಿತು. "ಇಷ್ಟೆಲ್ಲ ಹೇಳಿದ್ರಾ!"

"ಇನ್ನೂ ಇತ್ತು. ಸುಳ್ಳು ಹೇಳ್ತಾಳಾ ಅಂತ ಕೇಳಿದ್ಲು ಆ ಹುಡುಗಿ. ಅದು ಬರಲ್ಲ ಅವಳಿಗೆ ಅಂದೆ. ಬಂದಿದ್ರೆ, ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ನನ್ನ ಟೀ ಚೆನ್ನಾಗಿದೆ ಅಂತಿದ್ಲು. ನಂಬಿ ಜವಾಬ್ದಾರಿ ಕೊಡಬಹುದಾ ಅಂತ ಕೇಳಿದ್ಲು. ಮಂಡಿ ಆಪರೇಷನ್ ಆದಾಗ ನಾನು ಮಾತ್ರೆ ನುಂಗಿದ ಮೇಲೂ ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ ನೋಡ್ತಿದ್ಲು, ನಾಲ್ಕು ತಿಂಗಳು, ಒಂದು ಹೊತ್ತೂ ತಪ್ಪಿಸಲಿಲ್ಲ, ಹಾಗಾಗಿ ನಾನು ಇವತ್ತು ಎದ್ದು ಓಡಾಡ್ತಿದ್ದೀನಿ ಅಂದೆ." ಅತ್ತೆ ಆ ಮಾತನ್ನೂ ಉಳಿದವುಗಳ ದನಿಯಲ್ಲೇ, ಒಂದು ದೂರಿನ ಹಾಗೆಯೇ ಹೇಳಿ ಮುಗಿಸಿದರು. "ಹೇಳೋಕೆ ಇನ್ನೂ ಬೇಕಾದಷ್ಟಿತ್ತು. ಅವಳೇ, ಸಾಕು ಅಮ್ಮ, ತಗೊಂಡ್ವಿ ಅಂತ ಫೋನಿಟ್ಲು."

ನಾನು ಸಿಟ್ಟಾಗಬೇಕೋ, ಕಾಲಿಗೆ ಬೀಳಬೇಕೋ ತಿಳಿಯದೆ ನಿಂತೆ. ನನ್ನ ಗಂಡನ ಇಪ್ಪತ್ತು ವರ್ಷದ ಪತ್ರವಿದ್ಯೆಯಿಂದ ಆಗದ್ದು, ಅತ್ತೆಯ ಹದಿನಾರು ವರ್ಷದ ಅಸಮಾಧಾನದಿಂದ ಆಗಿತ್ತು. ಕೊನೆಗೆ, "ಅತ್ತೆ, ಟೀ ಮಾಡಲಾ?" ಎಂದೆ.

"ಮಾಡು," ಎಂದರು. "ನನ್ನದಕ್ಕಿಂತ ನಿನ್ನದೇ ಚೆನ್ನಾಗಿರತ್ತೆ. ಗೊತ್ತು ನನಗೆ."

ಶನಿವಾರ ಬಂತು. ಎಲ್ಲರಿಗೂ ರಜೆ, ನನಗೊಬ್ಬಳಿಗೆ ಕೆಲಸ. ಅದರ ಗತ್ತೇ ಬೇರೆ. ನಾಲ್ವರೂ ಗೇಟಿನವರೆಗೂ ಬಂದು ಬೀಳ್ಕೊಟ್ಟರು. ನಮ್ಮವರು ನನ್ನ ಚೀಲ ಹಿಡಿದಿದ್ದರು, ದೊಡ್ಡವಳು ಊಟದ ಡಬ್ಬಿ. ಚಿಕ್ಕವಳು, "ಅಮ್ಮ, ಸೋಮವಾರ ಆ ಅರ್ಜಿ ವಾಪಸ್ ಇಸ್ಕೊಂಡು ತಿದ್ದುತ್ತೀನಿ," ಎಂದಳು. ನಾನಿಲ್ಲದೆ ಇವರು ಏನು ಮಾಡುತ್ತಾರೋ ಪಾಪ, ಮಧ್ಯಾಹ್ನದೊಳಗೆ ಮನೆ ಮೂರಾಬಟ್ಟೆಯಾಗುತ್ತದೆ ಎಂದು ಕರುಳು ಹಿಂಡಿಸಿಕೊಂಡೇ ಬೀದಿಯ ಕೊನೆಯವರೆಗೂ ನಡೆದೆ. ಬಸ್ಸಿನ ಬೋರ್ಡು ಓದಲು ಹೋದಾಗ ತಿಳಿಯಿತು. ಕನ್ನಡಕ ಮರೆತಿದ್ದೆ.

ಓಡಿ ಬಂದೆ. ನಾನು ಹೋಗಿ ಹತ್ತು ನಿಮಿಷವೂ ಆಗಿರಲಿಲ್ಲ. ಬಾಗಿಲು ಓರೆಯಾಗಿತ್ತು. ಒಳಗಿನಿಂದ ನಗು ಕೇಳಿಸುತ್ತಿತ್ತು. ನಾಲ್ಕೂ ದನಿ, ಅತ್ತೆಯದೂ ಸೇರಿ. ತಳ್ಳಿದೆ.

ನಮ್ಮವರು ಹಸಿ ಟವೆಲನ್ನು ಸೋಫಾಗೆ ಹೊದಿಸಿ, ಎರಡೂ ಕಾಲು ಊಟದ ಮೇಜಿನ ಮೇಲಿಟ್ಟು ಕೂತಿದ್ದರು. ದೊಡ್ಡವಳ ತಟ್ಟೆ ಲ್ಯಾಪ್‌ಟಾಪಿನ ಮೇಲಿತ್ತು. ಚಿಕ್ಕವಳು ಹಾಲನ್ನು ನೇರವಾಗಿ ಪಾತ್ರೆಯಿಂದಲೇ ಕುಡಿಯುತ್ತಿದ್ದಳು. ಅತ್ತೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಸೊಂಟಕ್ಕೆ ಸೆರಗು ಬಿಗಿದು, ತಮಗೆ ಬೇಕಾದ ಸಾಲಿನಲ್ಲಿ ಜೋಡಿಸುತ್ತಿದ್ದರು. ಇಡೀ ಮನೆ, ಎಷ್ಟೋ ವರ್ಷದ ಬಿಗಿ ಬೂಟು ಬಿಚ್ಚಿದ ಕಾಲಿನ ಹಾಗೆ, ಬೆರಳು ಅಗಲಿಸಿ ಕೂತಿತ್ತು.

ನನ್ನನ್ನು ಕಂಡದ್ದೇ ತಡ, ಎಲ್ಲರೂ ಇದ್ದಲ್ಲೇ ಕಲ್ಲಾದರು. ಚಿಕ್ಕವಳ ತುಟಿಯ ಮೇಲೆ ಹಾಲಿನ ಮೀಸೆ. ನಮ್ಮವರ ಒಂದು ಕಾಲು ಮೇಜಿನಿಂದ ಅರ್ಧ ಇಳಿದು ಗಾಳಿಯಲ್ಲಿ ನಿಂತಿತು.

"ಏನು ಮರೆತೆ?" ಎಂದರು ಅವರು, ನಗುಮುಖ ಮಾಡುತ್ತ.

"ಕನ್ನಡಕ."

ಅತ್ತೆಯೇ ಎದ್ದು ಬಂದು, ಕಿಟಕಿಯ ಕಟ್ಟೆಯ ಮೇಲಿದ್ದ ಕನ್ನಡಕವನ್ನು ತಮ್ಮ ಸೆರಗಿನಿಂದ ಒರೆಸಿ ನನ್ನ ಕೈಯಲ್ಲಿಟ್ಟರು. ಗಾಜಿನ ಮೇಲೆ ಹಿಟ್ಟಿನ ಬೆರಳಚ್ಚು ಉಳಿಯಿತು. ಹೇಳಲು ಬಾಯಿ ತೆರೆದೆ. ನಾಲ್ಕು ಜೊತೆ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು.

"ಬಸ್ಸು ಬರತ್ತೆ," ಎಂದೆ.

ಕನ್ನಡಕವನ್ನು ಹಾಕಿಕೊಳ್ಳದೆ, ಕೈಯಲ್ಲೇ ಹಿಡಿದುಕೊಂಡು, ಬಾಗಿಲನ್ನು ನಾನೇ ಮುಂದಕ್ಕೆ ಎಳೆದು ಹೊರಟೆ.